ಇಡೀ ಮೊಟ್ಟೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮನೆಗಳಲ್ಲಿ ರಾಗಿಮುದ್ದೆಯೇ ಆಧಾರ. ಮೊಟ್ಟೆಯೊಂದಿದ್ದರೆ ಅದು ಗಂಡುಮಗುವಿನ ಪಾಲಾಗುವುದುಂಟು. 2024ರಲ್ಲಿ ಸರ್ಕಾರವು ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನೊಡನೆ ಸರ್ಕಾರೀ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ 6 ದಿನ ಮೊಟ್ಟೆಯನ್ನು ಏರ್ಪಡಿಸಿತು. ಒಲ್ಲದವರಿಗೆ ಮೊದಲಿಗೆ ಬಾಳೆಹಣ್ಣು ಇಲ್ಲವೆ ಚಿಕ್ಕಿಯ ಏರ್ಪಾಡಿತ್ತು. ಆಗ ಮೊಟ್ಟೆಯೊಂದಕ್ಕೆ ಗೊತ್ತುಮಾಡಿದ್ದ ವೆಚ್ಚ 6 ರೂಪಾಯಿ ಮಾತ್ರ.

ಆದರೆ ಹಳದಿಯ ಭಾಗವು ಮೈಗೆ ಉಷ್ಣವೆಂಬ ಮಾತನ್ನು ನಂಬಿ ಕೆಲವು ಹುಡುಗಿಯರು ಅದನ್ನು ತಟ್ಟೆಯಂಚಿಗೆ ಸರಿಸುವುದನ್ನು ನಾವು ಕಾಣುತ್ತಿರುವೆವು. ಮೊಟ್ಟೆಯ ಎ, ಡಿ, ಬಿ12 ಜೀವಸತ್ವಗಳೂ ಕಬ್ಬಿಣವೂ ಬಹುಮಟ್ಟಿಗೆ ಆ ಹಳದಿಯಲ್ಲಿಯೇ ಇರುವುವು. ಬೆಳೆಯುವ ಹೆಣ್ಣುಮಕ್ಕಳ ರಕ್ತಪುಷ್ಟಿಗೂ ಎಲುಬಿನ ಬಲಕ್ಕೂ ಇವು ಬೇಕಾದುವು.

ತಾಯಂದಿರೇ, ಶಾಲೆಯ ಮೊಟ್ಟೆಯು ನಿಮ್ಮ ಮಗಳ ಸ್ವಂತ ಪಾಲು. ಅದನ್ನು ಇಡಿಯಾಗಿ ತಿನ್ನಮ್ಮ ಎಂದು ಹೇಳಿ ಕಳುಹಿಸಿರಿ.