ಹೆಸರಿಗಷ್ಟೇ ಗಂಡ

1981ರಲ್ಲಿ ನಾನು ಸಂಶಿಗೆ ಸೊಸೆಯಾಗಿ ಬಂದಾಗ ನಾದಿನಿ ಹೊಸ್ತಿಲಿಗೆ ಅಡ್ಡ ನಿಂತು, "ಹೆಸರು ಹೇಳಿ ಒಳಗ ಬರ್ರಿ ವೈನಿ" ಅಂದಳು. ಉಳಿದ ದಿನ ಗಂಡನ ಹೆಸರು ಬಾಯಿಂದ ಹೊರಡಬಾರದು, ಅವತ್ತು ಹೇಳದೆ ಬಿಡುವವರಿಲ್ಲ. ಅದೂ ಪ್ರಾಸ ಹೊಂದಿಸಿ, ಒಡಪು ಕಟ್ಟಿ. ಚಿಗವ್ವ ಬಾಯಿಪಾಠ ಮಾಡಿಸಿ ಕಳಿಸಿದ್ದಳು. ಬೆಳ್ಳಿ ತಾಟು, ಬಂಗಾರದ ಬಟ್ಟಲು, ಮಲ್ಲಿಗೆ ದಂಡಿ, ಎಲ್ಲ ಇತ್ತು ಅದರಲ್ಲಿ. ಗಂಡ ಮಾತ್ರ ಕೊನೆಗೆ, ಪ್ರಾಸದ ತುದಿಗೆ, ಬರೀ ಹೆಸರಾಗಿ ಬಂದ. ಆತ ಸಿಟ್ಟಿನವನೋ ಸಮಾಧಾನಿಯೋ ಒಡಪಿಗೆ ಬೇಕಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗಿನ ಸೊಸೆಯಂದಿರು ಗಂಡನನ್ನು ದಿನಾ ಹೆಸರು ಹಿಡಿದೇ ಕರೆಯುತ್ತಾರೆ, ಒಡಪನ್ನು ಮೊಬೈಲ್ ನೋಡಿ ಓದುತ್ತಾರೆ. ಗಂಡ ಈಗಲೂ ಪ್ರಾಸದ ತುದಿಗೇ.

ಗಂಡಸಿನ ಗುಣ-ಅವಗುಣ ಕೇಳಬೇಕಾದರೆ ಬೀಸುವ ಕಲ್ಲಿನ ಹತ್ತಿರ ಕೂಡಬೇಕಿತ್ತು. ಗಿರಣಿಗೆ ಕರೆಂಟ್ ಇಲ್ಲದ ದಿನ ಅತ್ತೆ ಜೋಳ ಬೀಸುತ್ತ ಹಾಡುವ ಪದಗಳಲ್ಲಿ ಆತ ಸರದಾರನೂ ಹೌದು, ಇನ್ನೊಬ್ಬಳ ಮನೆಗೆ ಹೋಗುವವನೂ ಹೌದು. ಮಾವ ಪಡಸಾಲೆಯಲ್ಲಿ ಕೇಳಿಯೂ ಕೇಳದವರಂತೆ ಎಲಿ-ಅಡಿಕಿ ಹಾಕಿಕೊಳ್ಳುತ್ತಿದ್ದರು. ಎದುರಿಗೆ ಆಡಲಾಗದ ಮಾತು ಹೋಗಿ ಮುಟ್ಟುವಲ್ಲಿಗೆ ಮುಟ್ಟುತ್ತಿತ್ತು. ಹಾಗೆ ನೋಡಿದರೆ ಇಂಥ ಪದಗಳನ್ನು ಕೂಡಿಸಿ ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡಿ'ನಲ್ಲೂ ಅಕ್ಕರೆಯ ದೊಡ್ಡ ಪಾಲು ಗಂಡನಿಗಲ್ಲ, ತವರಿಗೆ, ತಾಯಿಗೆ, ಅಣ್ಣನಿಗೆ. ಆಮೇಲೆ ನಮ್ಮ ಮನೆಯ ಕಲ್ಲು ಹಿತ್ತಲಿಗೆ ಹೋಯಿತು, ಹಾಡೂ ನಿಂತಿತು. ಅತ್ತೆಗೇನೂ ಬೇಸರವಾಗಲಿಲ್ಲ. "ರಟ್ಟಿ ಉಳದ್ವು" ಅಂದರು.

ಧಾರವಾಡ ಆಕಾಶವಾಣಿಯಲ್ಲಿ ಕೇಳಿದ ಭಾವಗೀತೆಗಳ ಗಂಡಸು ಬೇರೆ. ಬೇಂದ್ರೆಯವರ 'ನಾನು ಬಡವಿ'ಯಲ್ಲಿ ಹೆಂಡತಿ ಮಾತಾಡುತ್ತಾಳೆ. ಗಂಡ ಬಡವ, ಅದರ ನಾಚಿಕೆ ಇಬ್ಬರಿಗೂ ಇಲ್ಲ. 'ನೀ ಹೀಂಗ ನೋಡಬ್ಯಾಡ ನನ್ನ' ಕವಿತೆಯಲ್ಲಿ ಮಗುವನ್ನು ಕಳಕೊಂಡ ಅಪ್ಪ ಹೆಂಡತಿಯ ನೋಟ ತಡೆಯಲಾರ. ಇವೆರಡನ್ನು ನಾನು ಇಂದಿಗೂ ಒಪ್ಪುತ್ತೇನೆ. 1942ರ 'ಮೈಸೂರ ಮಲ್ಲಿಗೆ'ಯ ಅಳಿಯನ ಮೇಲೆ ಮಾತ್ರ ನನಗೆ ಸಣ್ಣ ಅನುಮಾನ. ಹೆಂಡತಿಗಾಗಿ ಅಷ್ಟು ಹಂಬಲಿಸಿ ಮಾವನ ಮನೆಗೆ ಹೋದರೆ ನಮ್ಮ ಕಟ್ಟೆಯ ಮೇಲಿನವರು ವರ್ಷವಿಡೀ ನಗುತ್ತಿದ್ದರು.

ಈಗ ಎರಿ ಹೊಲದಲ್ಲಿ ರಂಟಿ ಹೊಡೆಯುವ ಟ್ರ್ಯಾಕ್ಟರಿನಲ್ಲಿ 'ಜಾನಪದ' ಎಂದು ಕರೆಯುವ ಹೊಸ ಹಾಡುಗಳು ಹರಿದಾಡುತ್ತವೆ. ಹತ್ತಿ ಬಿಡಿಸುವವರಿಗೂ ಕೇಳುವಷ್ಟು ಸೌಂಡು. ಆ ಹಾಡುಗಳಲ್ಲಿ ಪ್ರೀತಿಸುವವನೇ ಟ್ರ್ಯಾಕ್ಟರ್ ಡ್ರೈವರ್. ಹುಡುಗಿ ಕೈ ಕೊಟ್ಟು ನೌಕರಿಯವನನ್ನು ಕಟ್ಟಿಕೊಂಡಳು. ಇವ ಕುಡಿಯುತ್ತಾನೆ, ಬಿಕ್ಕಿ ಬಿಕ್ಕಿ ಅಳುತ್ತಾನೆ. ಓದಿದವರು ಮೂಗು ಮುರಿಯುತ್ತಾರೆ. ನನಗೇನೋ ಸಿನಿಮಾದ ಕೆಲಸವಿಲ್ಲದ ನಾಯಕನಿಗಿಂತ ಇವನೇ ವಾಸಿ. ದುಡಿಮೆ ಏನೆಂದು ಮೊದಲೇ ಹೇಳುತ್ತಾನೆ, ಅಳುವುದನ್ನು ಮುಚ್ಚಿಡುವುದಿಲ್ಲ.

ಆದರೆ ಈ ಹಾಡುಗಳ ಸಿಟ್ಟು ದಾರಿ ತಪ್ಪಿದೆ. ಹೊಲ ಮಾಡುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಊರೂರಿನ ಮಾತು. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಮಳೆ ಕೈಕೊಟ್ಟದ್ದು, ಮೆಣಸಿನಕಾಯಿಯ ರೇಟು ಬಿದ್ದದ್ದು, ಹುಡುಗಿಯ ಅಪ್ಪ ಲೆಕ್ಕ ಹಾಕಿ ನೌಕರಿ ಕೇಳಿದ್ದು, ಇದ್ಯಾವುದೂ ನಾನು ಕೇಳಿದ ಹಾಡುಗಳಲ್ಲಿಲ್ಲ. ತಪ್ಪೆಲ್ಲ ಹುಡುಗಿಯದು. ಒಂದೊಂದು ಹಾಡಿನಲ್ಲಿ ಹೆಣ್ಣು ದನಿಯೂ ಬರುತ್ತದೆ. ಬಂದು ತಾನು ಮೋಸಗಾತಿ ಎಂದು ಒಪ್ಪಿಕೊಂಡು ಹೋಗುತ್ತದೆ. ನಮ್ಮತ್ತೆ ಕಲ್ಲಿನ ಮುಂದೆ ಕೂತು ಹಾಗೆ ಒಪ್ಪಿಕೊಂಡಿದ್ದನ್ನು ನಾನಂತೂ ಕೇಳಿಲ್ಲ.