ಬೋರಲು ಹಾಕಿದ ಪಾತ್ರೆ

ಗಾಜಾದ ಮಕ್ಕಳು ಖಾಲಿ ಪಾತ್ರೆ ಮುಂದೆ ಚಾಚಿಕೊಂಡು ಊಟಕ್ಕೆ ಮುಗಿಬಿದ್ದ ಫೋಟೋ ಕಂಡಾಗೆಲ್ಲ ನನಗೆ ತುಂಬಿದ ಒಂದು ಪಾತ್ರೆ ನೆನಪಾಗುತ್ತೆ. ಬರೀಬೇಕು ಅಂತ ಎಷ್ಟೋ ದಿನದಿಂದ ಇತ್ತು.

2019ರ ನವೆಂಬರ್. ವೆಸ್ಟ್ ಬ್ಯಾಂಕಿನಲ್ಲಿ ಬೆತ್ಲೆಹೆಮ್ ಪಕ್ಕದ ಧೈಶೆ ನಿರಾಶ್ರಿತರ ಶಿಬಿರ. ಶಿಬಿರ ಅಂದ್ರೆ ಈಗ ಡೇರೆಗಳಲ್ಲ. 1949ರಲ್ಲಿ ಡೇರೆ ಹಾಕಿದ ಜಾಗದಲ್ಲಿ ಒಂದರ ಮೇಲೊಂದು ಸಿಮೆಂಟ್ ಮನೆ, ನಡುವೆ ಎದುರುಬದುರು ಬಂದವರ ಭುಜ ತಾಗುವಂಥ ಸಂದಿ. ಪರಿಚಯದ ಹುಡುಗನೊಬ್ಬ ಮನೆಗೆ ಊಟಕ್ಕೆ ಕರೆದ. ಅವನ ಅಮ್ಮನನ್ನು ನಾನು 'ಖಾಲ್ತಿ' ಅಂದೆ. ಚಿಕ್ಕಮ್ಮ ಅಂತ.

ಅವತ್ತು ಮಕ್ಲೂಬಾ. ಹೆಸರಿನ ಅರ್ಥವೇ 'ಬೋರಲು ಹಾಕಿದ್ದು'. ತಳದಲ್ಲಿ ಬೇಯಿಸಿದ ಕುರಿ ಬಾಡು, ಅದರ ಮೇಲೆ ಎಣ್ಣೇಲಿ ಕರಿದ ಬದನೆಕಾಯಿ, ಹೂಕೋಸು, ಅದರ ಮೇಲೆ ನೆನೆಸಿದ ಅಕ್ಕಿ, ಬಾಡು ಬೇಯಿಸಿದ ನೀರು. ಚಕ್ಕೆ, ಏಲಕ್ಕಿ, ಅರಿಶಿನ ಎಲ್ಲ ಇದೆ, ಖಾರ ಇಲ್ಲ. (ಒಂದು ಹಸಿಮೆಣಸಿನಕಾಯಿ ಇದ್ದಿದ್ರೆ ಅನ್ನಿಸಿದ್ದು ಸುಳ್ಳಲ್ಲ.) ಬೆಂದ ಮೇಲೆ ಪಾತ್ರೆ ಬಾಯಿಗೆ ದೊಡ್ಡ ಹರಿವಾಣ ಮುಚ್ಚಿ ಖಾಲ್ತಿ ಒಂದೇ ಏಟಿಗೆ ಬೋರಲು ಹಾಕಿದ್ರು. ಮಕ್ಕಳೆಲ್ಲ ಚಮಚ ಹಿಡಿದು ಪಾತ್ರೆಯ ತಳ ಬಡಿಯೋಕೆ ಶುರು ಮಾಡಿದ್ರು, ತಮಟೆ ಬಡಿದ ಹಾಗೆ. ನನ್ನ ಕೈ ಸುಮ್ನಿರುತ್ತಾ? ಆಮೇಲೆ ನಿಧಾನಕ್ಕೆ ಪಾತ್ರೆ ಎತ್ತಿದ್ರೆ ಹಬೆಯಾಡೋ ಅನ್ನದ ಗುಡ್ಡ, ನೆತ್ತಿ ಮೇಲೆ ಬಾಡು.

ಗಟ್ಟಿ ಮೊಸರು, ಸಣ್ಣಗೆ ಹೆಚ್ಚಿದ ಸೌತೆಕಾಯಿ ಟೊಮೆಟೊ ಬಂತು. ಎಲ್ಲರೂ ಒಂದೇ ಹರಿವಾಣದ ಸುತ್ತ ಕೂತ್ರು. ನಾನು ಮಾತ್ರ ನನ್ನ ತಟ್ಟೆ ಎಲ್ಲಿ ಅಂತ ಹುಡುಕ್ತಿದ್ದೆ. ಅಭ್ಯಾಸ. ಬೆಂಗಳೂರಲ್ಲಿ ಪ್ಯಾಲೆಸ್ತೀನ್ ಪರ ನನ್ನ ಪಕ್ಕದಲ್ಲೇ ಫಲಕ ಹಿಡಿದು ನಿಂತ ಗೆಳೆಯನ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ತಟ್ಟೆ, ನನಗೊಬ್ಬನಿಗೆ ಪೇಪರ್ ಪ್ಲೇಟು ಬಂದಿತ್ತು. ಅವನು ತಲೆ ತಗ್ಗಿಸಿ ಸಾರನ್ನ ಕಲೆಸ್ತಿದ್ದ.

ನಾಲ್ಕು ತುತ್ತು ಇಳಿದಿರಬೇಕು. ಖಾಲ್ತಿ ಏನೋ ಕೇಳಿದ್ರು, ಮಗ ಇಂಗ್ಲಿಷಲ್ಲಿ ಹೇಳಿದ: "ನಿಂದು ಯಾವ ಊರು?"

ಐದನೇ ತುತ್ತು ಗಂಟಲಲ್ಲೇ ನಿಂತಿತು. ಈ ಪ್ರಶ್ನೆ ನಮಗೆ ಗೊತ್ತಲ್ಲ ಗೆಳೆಯರೇ. ಯಾವ ಊರು, ಊರಲ್ಲಿ ಎಲ್ಲಿ, ಯಾರ ಪೈಕಿ. ಮೂರನೇದಕ್ಕೆ ಬರೋ ಹೊತ್ತಿಗೆ ಬಾಡಿಗೆ ಮನೆ ಕೈತಪ್ಪಿರುತ್ತೆ. ಜಿಲ್ಲೆ ಹೆಸರು ಹೇಳಿ ಜಾರಿಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮೊಮ್ಮಗಳು ಕೇಳದೆಯೇ ತನ್ನ ಊರು ಹೇಳಿದಳು: "ಝಕರಿಯಾ." ಎಂಟು ವರ್ಷದವಳು, ಶಿಬಿರದಲ್ಲೇ ಹುಟ್ಟಿದವಳು. ಆ ಹಳ್ಳಿಯ ಕೊನೆಯ ಪ್ಯಾಲೆಸ್ತೀನಿಯರನ್ನೂ 1950ರಲ್ಲಿ ಹೊರಹಾಕಲಾಯ್ತು. ಅಲ್ಲಿ ಖಾಲ್ತಿಯೂ ಹುಟ್ಟಿಲ್ಲ. ಆದ್ರೆ ಅದೇ ಅವರ ಊರು. ಅಲ್ಲಿ ಈ ಪ್ರಶ್ನೆ ಕೇಳೋದೇ ಅದಕ್ಕೆ.

ಆಗ ಹೇಳಿದೆ: "ನಮ್ಮದು ಊರಲ್ಲ, ಕೇರಿ. ಊರಾಚೆ."

"ಯಾರು ಓಡಿಸಿದ್ರು?"

"ಓಡಿಸಲಿಲ್ಲ ಖಾಲ್ತಿ. ಒಳಗೇ ಬಿಟ್ಕೊಳ್ಳಲಿಲ್ಲ."

ಮಗ ಅದನ್ನ ಅರಬ್ಬಿಗೆ ತರೋಕೆ ಒದ್ದಾಡಿದ. ಖಾಲ್ತಿಗೆ ಎಷ್ಟು ಅರ್ಥವಾಯ್ತೋ. ತಮ್ಮ ಕಡೆಯಿದ್ದ ಬಾಡನ್ನ ಕೈಯಲ್ಲೇ ಬಿಡಿಸಿ ನನ್ನ ಕಡೆ ತಳ್ಳಿ "ಸಹ್ತೇನ್" ಅಂದ್ರು. ಎರಡು ಪಾಲು ಆರೋಗ್ಯ ಸಿಗಲಿ ಅಂತ.

ಹೊರಡುವಾಗ ಒಂದು ಬಾಟಲಿ ಝಾತರ್ ಕೊಟ್ರು. ಗುಡ್ಡದ ಸೊಪ್ಪು ಒಣಗಿಸಿ ಎಳ್ಳು, ಹುಳಿಯಾದ ಸುಮಾಕ್, ಉಪ್ಪು ಬೆರೆಸಿದ ಪುಡಿ. ತಾನಾಗೇ ಬೆಳೆಯೋ ಈ ಸೊಪ್ಪನ್ನ ಇಸ್ರೇಲ್ 1977ರಲ್ಲಿ 'ಸಂರಕ್ಷಿತ ಸಸ್ಯ' ಅಂತ ಘೋಷಿಸಿತು. ಕಿತ್ತವರಿಗೆ ದಂಡ! ಬೇಲಿ ಬದಿಯ ಬೆರಕೆ ಸೊಪ್ಪಲ್ಲೇ ನಮ್ಮನ್ನ ಸಾಕಿದ ಅವ್ವ ಇದನ್ನ ನಂಬಲೇ ಇಲ್ಲ.

"ಸೊಪ್ಪಿಗೂ ಪೊಲೀಸಾ?"

ದನ ಕಡಿದ್ರೆ ಜೈಲು ಅಂತ ಇಲ್ಲಿ 2020ರ ಕಾಯ್ದೆ ಇಲ್ವಾ ಅವ್ವ, ಅಂದೆ.

ರಾಗಿ ರೊಟ್ಟಿಗೆ ಎಣ್ಣೆ ಸವರಿ ಪುಡಿ ಉದುರಿಸಿಕೊಂಡು ತಿಂದಳು. "ನಮ್ಮ ಹುಚ್ಚೆಳ್ಳು ಪುಡಿಯಷ್ಟಿಲ್ಲ. ಆದ್ರೂ ಚೆನ್ನಾಗದೆ. ಯಾರು ಕೊಟ್ರು?"

"ಚಿಕ್ಕಮ್ಮ."

"ಯಾವೂರವಳು?"

ಝಕರಿಯಾ ಅಂದೆ.

ಜೈ ಭೀಮ್.