ಚಿಗಟದ ನಿಜವಾದ ನೆಲೆ

ಚಿಗಟವೆಂದರೆ ನಾಯಿ ಬೆಕ್ಕುಗಳ ಮೈಮೇಲಿನ ಪೀಡೆ, ಆ ಪ್ರಾಣಿಯನ್ನು ಹೊರಗಟ್ಟಿದರೆ ಪೀಡೆಯೂ ತೊಲಗುವುದು ಎಂಬ ನಂಬಿಕೆ ನಮ್ಮ ಗೃಹಸ್ಥರಲ್ಲಿ ಬಲವಾಗಿ ಬೇರೂರಿದೆ. ಇದರಿಂದ ಮೂಕಪ್ರಾಣಿಗೆ ಅನ್ಯಾಯವಾಗುವುದಲ್ಲದೆ ಮನೆಯವರಿಗೂ ನೆಮ್ಮದಿ ದೊರೆಯದು. ಉತ್ತರ ಕನ್ನಡದ ಕಡಲ ತಡಿಯ ಸಣ್ಣ ಊರೊಂದರಲ್ಲಿ ಕೆಲವು ವರ್ಷ ಸಂಸಾರ ನಡೆಸಿದ ನಮಗೆ ಈ ಸಂಗತಿ ಅನುಭವದಿಂದಲೇ ಮನದಟ್ಟಾಗಿದೆ.

ಧಾರವಾಡದ ಕಡೆಯಿಂದ ಘಟ್ಟವಿಳಿದು ಹೋದವರಿಗೆ ಕರಾವಳಿಯ ಹವೆ ಹೊಸದು. ಅಲ್ಲಿ ಗಾಳಿಯಲ್ಲಿ ಸದಾ ತೇವವಿರುತ್ತದೆ. ಚಿಗಟದ ಮರಿಹುಳು ಒಣಹವೆಯಲ್ಲಿ ಬದುಕಲಾರದು. ತೇವವೂ ಬಿಸುಪೂ ಕೂಡಿದಲ್ಲಿ ಹುಲುಸಾಗಿ ಬೆಳೆಯುತ್ತದೆ.

ಒಮ್ಮೆ ಬೇಸಿಗೆಯ ರಜೆಗೆ ಒಂದು ತಿಂಗಳು ಮನೆಗೆ ಬೀಗ ಹಾಕಿ, ನಾಯಿಯನ್ನು ಪರಿಚಿತರಲ್ಲಿ ಬಿಟ್ಟು ಊರಿಗೆ ಹೋಗಿದ್ದೆವು. ಮರಳಿ ಬಂದು ಬಾಗಿಲು ತೆರೆದು ಮಕ್ಕಳು ಒಳಗೆ ಓಡಿದ್ದೇ ತಡ, ಅವರ ಕಾಲುಗಳಿಗೆ ಕರಿಯ ಕಾಳಿನಂತೆ ಚಿಗಟಗಳು ಮುತ್ತಿದವು. ಚಿಕ್ಕವಳು ರಾತ್ರಿಯಿಡೀ ಕೆರೆದು ಕಾಲು ರಕ್ತ ಮಾಡಿಕೊಂಡಳು. ನಾಯಿಯನ್ನು ದೂರದ ಮೀನುಪೇಟೆಯಲ್ಲಿ ಬಿಟ್ಟುಬರುವುದೇ ಲೇಸೆಂದು ನೆರೆಯ ಹಿರಿಯರು ನುಡಿದರು. ತಿಂಗಳಿಂದ ಹೊಸ್ತಿಲು ತುಳಿಯದ ನಾಯಿಯನ್ನು ಹೇಗೆ ದೂರುವುದು? ನಮಗೆ ಮನಸ್ಸೊಪ್ಪಲಿಲ್ಲ.

ತಾಲ್ಲೂಕಿನ ಊರಿನಿಂದ ಕೀಟ ನಿಯಂತ್ರಣದ ಕೆಲಸಗಾರರೊಬ್ಬರನ್ನು ಕರೆಸಿದೆವು. ಅವರು ಬಂದೊಡನೆ ಔಷಧಿ ಸಿಂಪಡಿಸಲಿಲ್ಲ. ಮೊಣಕಾಲವರೆಗೆ ಬಿಳಿಯ ಕಾಲುಚೀಲ ಧರಿಸಿ ಕೋಣೆ ಕೋಣೆಗೂ ನಡೆದರು. ಎಲ್ಲಿ ಹೆಚ್ಚು ಚಿಗಟ ಹತ್ತಿದವೋ ಅಲ್ಲಿ ಗುರುತು ಮಾಡಿಕೊಂಡರು. ಬಳಿಕ ಅವರು ವಿವರಿಸಿದ್ದು ಹೀಗೆ: ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಗಳವರೆಗೆ ಇಡಬಲ್ಲದು. ಅವು ಪ್ರಾಣಿಯ ಮೈಗೆ ಅಂಟದೆ ನೆಲಕ್ಕುದುರುತ್ತವೆ. ಮರಿಹುಳುಗಳು ಬೆಳಕಿಗೆ ಅಂಜಿ ನೆಲದ ಬಿರುಕು, ಚಾಪೆಯ ಅಡಿ, ಗೋಣಿತಾಟಿನ ಮಡಿಕೆ ಸೇರುತ್ತವೆ. ಕೊನೆಗೆ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಕಾಯಬಲ್ಲವು. ಹೆಜ್ಜೆಯ ಅದುರು, ಮೈಯ ಕಾವು, ಉಸಿರು ತಾಗಿದೊಡನೆ ಹೊರಗೆ ಜಿಗಿಯುತ್ತವೆ. ನಾಯಿಯಿಲ್ಲದ ಮನೆಯಲ್ಲಿ ಅವು ಮನುಷ್ಯರನ್ನೇ ಹಿಡಿಯುತ್ತವೆ.

ಔಷಧಿ ಈ ಗೂಡಿನೊಳಗೆ ಸುಲಭವಾಗಿ ಇಳಿಯದು. ಆದುದರಿಂದ ದೊಡ್ಡ ಚಿಗಟಗಳನ್ನು ಕೊಲ್ಲುವ ಔಷಧಿಯೊಡನೆ ಮರಿಗಳ ಬೆಳವಣಿಗೆ ತಡೆಯುವ ಔಷಧಿಯನ್ನೂ ಬೆರೆಸಿ ಸಿಂಪಡಿಸಿದರು. ಎರಡು ವಾರ ಚಿಗಟ ಕಾಣಿಸಿಕೊಂಡರೂ ಗಾಬರಿಯಾಗಬೇಡಿರೆಂದು ಮುಂಚೆಯೇ ಹೇಳಿ, ಹದಿನೈದನೆಯ ದಿನ ಮತ್ತೆ ಬಂದರು. ನಡುವಣ ದಿನಗಳಲ್ಲಿ ಮೂಲೆಮೂಲೆ ಗುಡಿಸುವುದು, ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು ನಮ್ಮ ಪಾಲಿನ ಕೆಲಸವಾಯಿತು. ನಾಯಿಗೆ ಅದೇ ದಿನ ಪಶುವೈದ್ಯರಲ್ಲಿ ಚಿಕಿತ್ಸೆ ಮಾಡಿಸಿದೆವು. ಎರಡನೆಯ ತಿಂಗಳು ಮಕ್ಕಳು ಬರಿಗಾಲಿನಲ್ಲಿ ಪಡಸಾಲೆಯಲ್ಲಿ ಆಡಿದರು. ನಾಯಿ ಬಾಗಿಲಲ್ಲಿ ಮಲಗಿತ್ತು.

ಚಿಗಟವನ್ನು ಹಗುರವಾಗಿ ಕಾಣಲಾಗದು. ಪ್ಲೇಗು ಇಲಿಯ ಚಿಗಟದಿಂದ ಹರಡುವುದೆಂದು ಫ್ರೆಂಚ್ ವೈದ್ಯ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಆ ದಿನಗಳ ಕಥೆ ನಮ್ಮ ಹಿರಿಯರ ಬಾಯಲ್ಲಿತ್ತು. ನಾಯಿ ಬೆಕ್ಕುಗಳ ಚಿಗಟ ಬೇರೆ ಜಾತಿಯದು. ಅಷ್ಟು ಭಯ ಬೇಡ, ಉದಾಸೀನವೂ ಬೇಡ.

ತಾಯಂದಿರು ಕೆಲವು ಮಾತುಗಳನ್ನು ನೆನಪಿಡಬೇಕು. ಪರವಾನಗಿ ಇರುವವರನ್ನೇ ಕರೆಯಿರಿ. ಯಾವ ಔಷಧಿಯೆಂದು ಕೇಳಿ ಬರೆದಿಟ್ಟುಕೊಳ್ಳಿರಿ. ಕುಡಿಯುವ ನೀರು, ಆಹಾರ, ಮೀನಿನ ತೊಟ್ಟಿಗಳನ್ನು ಮುಚ್ಚಿರಿ. ನೆಲ ಒಣಗುವವರೆಗೆ ಮಕ್ಕಳನ್ನೂ ಪ್ರಾಣಿಗಳನ್ನೂ ಹೊರಗಿಡಿರಿ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ಪ್ರಾಣಾಂತಕವೆಂಬುದನ್ನು ಮರೆಯದಿರಿ. ನಾಚಿಕೆಯಿಂದ ಮುಚ್ಚಿಡದೆ ನೆರೆಮನೆಗೂ ತಿಳಿಸಿರಿ. ಓಣಿಯವರೆಲ್ಲ ಕೂಡಿ ಮಾಡಿದ ಕೆಲಸವೇ ಬಾಳಿಕೆ ಬರುವುದು. ನಮ್ಮನ್ನೇ ನಂಬಿದ ಜೀವವನ್ನು ಬೀದಿಪಾಲು ಮಾಡುವ ಮುನ್ನ ನಮ್ಮ ಕಾಲ ಕೆಳಗಿನ ನೆಲವನ್ನೊಮ್ಮೆ ನೋಡೋಣ.